ಕಾಫಿ ತೋಟಕ್ಕೆ ಹಸಿರು ಕಪ್ಪೆಯ ಮುದ್ರೆ

ಕಾಡು ಕಡಿದು ಬೆಳೆದ ಕಾಫಿಯನ್ನು ಕಂಪನಿಗಳು ಕೊಳ್ಳದಿದ್ದರೆ ಕಾಡು ಕಡಿಯುವವರು ಕಡಿಮೆಯಾಗುತ್ತಾರೆ. 1987ರಲ್ಲಿ ಅಮೆರಿಕದಲ್ಲಿ ಸ್ಥಾಪನೆಯಾದ ರೈನ್‌ಫಾರೆಸ್ಟ್ ಅಲಯನ್ಸ್ ಎಂಬ ಲಾಭದ ಉದ್ದೇಶವಿಲ್ಲದ ಸಂಸ್ಥೆಯ ಕಾರ್ಯಕ್ಕೆ ಇದೇ ತಳಹದಿ.

ಕಾರ್ಯವಿಧಾನ: ಸಂಸ್ಥೆಯು ಬೇಸಾಯದ ನಿಯಮಗಳನ್ನು ಗೊತ್ತುಪಡಿಸುತ್ತದೆ. ಹೊರಗಿನ ತಪಾಸಣೆಗಾರರು ತೋಟವನ್ನು ಪರೀಕ್ಷಿಸುತ್ತಾರೆ. ತೇರ್ಗಡೆಯಾದ ತೋಟಗಳ ಕಾಫಿ, ಚಹಾ, ಕೋಕೋ ಮುಂತಾದವನ್ನು ಕೊಂಡ ಕಂಪನಿಗಳು ಪೊಟ್ಟಣದ ಮೇಲೆ ಹಸಿರು ಕಪ್ಪೆಯ ಮುದ್ರೆ ಹಾಕಬಹುದು. 1ನೇ ಜನವರಿ 2014ರ ನಂತರ ನೈಸರ್ಗಿಕ ಕಾಡು ಕಡಿದು ಮಾಡಿದ ತೋಟಕ್ಕೆ ಈ ಮುದ್ರೆ ಸಿಗದು.

ನಮ್ಮ ಬೆಳೆಗಾರರಿಗೆ: ಕೊಡಗು, ಚಿಕ್ಕಮಗಳೂರು, ಹಾಸನದ ಕಾಫಿ ಮರಗಳ ನೆರಳಿನಲ್ಲೇ ಬೆಳೆಯುತ್ತದೆ. ಆದುದರಿಂದ ಅತ್ತಿ, ಹಲಸು, ನಂದಿಯಂತಹ ನಾಡಮರಗಳನ್ನು ತೆಗೆದು ಬರಿಯ ಸಿಲ್ವರ್ ಓಕ್ ನೆಡುವುದು ಸೂಕ್ತವಲ್ಲ. ಸಣ್ಣ ಬೆಳೆಗಾರನೊಬ್ಬನಿಗೆ ತಪಾಸಣೆಯ ವೆಚ್ಚ ಭಾರವಾಗುತ್ತದೆ. ಗುಂಪಾಗಿ ಸೇರುವುದು ಲೇಸು.

ಸೇರುವ ಮುನ್ನ ಗಮನಿಸತಕ್ಕ ಅಂಶಗಳು:

1. ತೋಟದ ನಕ್ಷೆ, ಔಷಧಿ ಸಿಂಪರಣೆ ಹಾಗೂ ಕೂಲಿಯ ಲೆಕ್ಕವನ್ನು ಬರೆದಿಡಿ.

2. ತಪಾಸಣೆಯ ಶುಲ್ಕ ಯಾರದೆಂದು ಮೊದಲೇ ಕೇಳಿರಿ.

3. 2020ರ ನಿಯಮಾವಳಿಯಂತೆ ಕೊಳ್ಳುವವರು ಮಾರುಕಟ್ಟೆ ಧಾರಣೆಯ ಮೇಲೆ ಹೆಚ್ಚುವರಿ ಹಣ ಕೊಡತಕ್ಕದ್ದು. ಆ ಮೊತ್ತವನ್ನೂ ಪಾವತಿಯ ದಿನವನ್ನೂ ಒಪ್ಪಂದದಲ್ಲಿ ಬರೆಸಿಕೊಳ್ಳಿರಿ.

ಮರ ಉಳಿಸಿದವನ ಕೈಗೆ ಹಣ ಸೇರಿದರೆ ಮಾತ್ರ ಮರ ಉಳಿದೀತು.