ಬೈಕ್ ಮಾರಿದಿರಾ? ಹೆಸರೂ ಬದಲಾಗಲಿ

ಬೇಮಳಖೇಡದ ಕಡೆ ಹಳೆಯ ಬೈಕು, ಟ್ರ್ಯಾಕ್ಟರ್ ಮಾರುವಾಗ ದುಡ್ಡು ಎಣಿಸಿಕೊಂಡು ಕೀಲಿ ಕೊಟ್ಟರೆ ವ್ಯವಹಾರ ಮುಗಿಯಿತು ಎಂದುಕೊಳ್ಳುವವರೇ ಹೆಚ್ಚು. ಕಾನೂನಿನ ಲೆಕ್ಕದಲ್ಲಿ ಅದು ಮುಗಿದಿರುವುದಿಲ್ಲ.

ಮೋಟಾರು ವಾಹನ ಕಾಯ್ದೆಯ 50ನೇ ಕಲಮಿನ ಪ್ರಕಾರ, ರಾಜ್ಯದೊಳಗೆ ಮಾರಿದವರು 14 ದಿನದಲ್ಲಿ ಆರ್‌ಟಿಒಗೆ ತಿಳಿಸಬೇಕು. ಕೊಂಡವರಿಗೆ 30 ದಿನ ಗಡುವು. ತಡವಾದರೆ ದಂಡ. ಜಹೀರಾಬಾದ್ ಕಡೆಯವರಿಗೆ ಮಾರಿದರೆ ರಾಜ್ಯ ಬದಲಾಗುತ್ತದೆ. ಆಗ ಇಲ್ಲಿನ ಆರ್‌ಟಿಒದಿಂದ ಎನ್‌ಒಸಿಯೂ ಬೇಕು.

ದಂಡಕ್ಕಿಂತ ದೊಡ್ಡ ಪೆಟ್ಟು ಬೇರೆಯೇ ಇದೆ. ಕೊಂಡವನು ಅಪಘಾತ ಮಾಡಿದರೆ, ದಾಖಲೆಯಲ್ಲಿ ಹೆಸರಿರುವವನೇ ಮಾಲೀಕ, ಪರಿಹಾರದ ಹೊಣೆಯೂ ಅವನದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಗಾಡಿ ನಾಲ್ಕು ಕೈ ದಾಟಿದ್ದರೂ ಅಷ್ಟೇ.

ಆದ್ದರಿಂದ ಹೆಸರು ಬದಲಾವಣೆಯ ಫಾರಂ 29 ಮತ್ತು 30ಕ್ಕೆ ಇಬ್ಬರೂ ಕೂತು ಸಹಿ ಹಾಕಿ, ಪ್ರತಿ ಇಟ್ಟುಕೊಳ್ಳಿ. ಸಾಲವಿದ್ದರೆ ಮೊದಲು ತೀರಿಸಿ. ಕೊಂಡವರು ವಿಮೆಯನ್ನೂ 14 ದಿನದೊಳಗೆ ತಮ್ಮ ಹೆಸರಿಗೆ ಮಾಡಿಸಿಕೊಳ್ಳಲಿ. ಆರ್‌ಸಿಯಲ್ಲಿ ಹೆಸರು ಬದಲಾಗುವವರೆಗೆ ಒಂದಿಷ್ಟು ಹಣ ಬಾಕಿ ಉಳಿಸಿಕೊಂಡೇ ವ್ಯವಹಾರ ಮಾಡಿ.