ಹಿತ್ತಿಲ ಕೆರೆಯಲ್ಲಿ ಕೂಗುವ ಕಪ್ಪೆ ಯಾವುದು?

ಮಣಿಪಾಲದ ಮುರಕಲ್ಲಿನ ಪದವಿನಲ್ಲಿ ಮಳೆಗಾಲದ ಸಂಜೆ ಕೂಗುವ ಪುಟ್ಟ ಕಪ್ಪೆಯೊಂದಕ್ಕೆ 2016ರವರೆಗೆ ವಿಜ್ಞಾನದಲ್ಲಿ ಹೆಸರೇ ಇರಲಿಲ್ಲ. ಆ ವರ್ಷ ಕೆ.ಎಸ್. ಶೇಷಾದ್ರಿ, ರಮಿತ್ ಸಿಂಗಲ್, ಕೆ.ವಿ. ಗುರುರಾಜ ಮತ್ತು ಸಂಗಡಿಗರು ಅದಕ್ಕೆ 'ಮೈಕ್ರೋಹೈಲಾ ಲ್ಯಾಟರೈಟ್' ಎಂದು ಹೆಸರಿಟ್ಟರು. ಎರಡು ಸೆಂಟಿಮೀಟರಿಗಿಂತ ಚಿಕ್ಕ ಮೈ, ಜೀರುಂಡೆಯಂಥ ಸದ್ದು. ಊರ ನಡುವೆಯೇ ಇದ್ದರೂ, ಯಾವುದೋ ಹುಳು ಅಂದುಕೊಂಡು ಮುಂದೆ ಹೋಗುವುದು ಸುಲಭ. ಉಡುಪಿಯಿರಲಿ, ಕಾಪು, ಕಾರ್ಕಳವಿರಲಿ, ಕಪ್ಪೆಯ ಗುರುತು ಹಿಡಿಯುವವರು ಮೊದಲು ಕಿವಿಯನ್ನೇ ನಂಬಬೇಕು.

1. ಕೇಳಿ. ಮಳೆ ಬಿಟ್ಟ ಸಂಜೆ ಗಮ್‌ಬೂಟ್ ಹಾಕಿಕೊಂಡು ಹೋಗಿ. ಕಪ್ಪೆ ಇದ್ದಲ್ಲಿಗೆ ಹಾವೂ ಬರುತ್ತದೆ. ನೀರಿನ ಬಳಿ ಟಾರ್ಚ್ ಆರಿಸಿ ಅಲುಗಾಡದೆ ನಿಲ್ಲಿ. ನಿಮ್ಮ ಹೆಜ್ಜೆ ಸದ್ದಿಗೆ ನಿಂತ ಕೂಗು ತುಸು ಹೊತ್ತಿನಲ್ಲೇ ಮತ್ತೆ ಶುರುವಾಗುತ್ತದೆ. ಅದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಹೀಗೆ ಕೂಗುವುದು ಗಂಡು, ಹೆಣ್ಣನ್ನು ಕರೆಯಲು. ಒಂದೊಂದು ಜಾತಿಗೂ ಅದರದೇ ಕೂಗು. ಬಣ್ಣ ಹಾಗಲ್ಲ, ಒಂದೇ ಜಾತಿಯೊಳಗೂ ಬದಲಾಗುತ್ತದೆ. ಒಂದೇ ಒಂದು ಸಾಕ್ಷಿ ಆರಿಸಿಕೊಳ್ಳಿ ಎಂದರೆ ನಾನು ಫೋಟೋ ಬಿಟ್ಟು ಈ ರೆಕಾರ್ಡನ್ನೇ ಆರಿಸಿಕೊಳ್ಳುತ್ತೇನೆ.

2. ಕೂತ ಜಾಗ ನೋಡಿ. ಕಣ್ಣಷ್ಟೇ ಮೇಲಿಟ್ಟು ನೀರಲ್ಲಿ ತೇಲುತ್ತಿದೆಯೇ, ದಂಡೆಯ ಹುಲ್ಲಲ್ಲಿದೆಯೇ, ಗೋಡೆ ಹತ್ತಿದೆಯೇ, ಬರೆದುಕೊಳ್ಳಿ.

3. ಮುಟ್ಟದೆ ಫೋಟೋ ತೆಗೆಯಿರಿ. ಕಪ್ಪೆ ಚರ್ಮದಿಂದಲೂ ಉಸಿರಾಡುತ್ತದೆ. ಕೈಗೆ ಹಚ್ಚಿದ ಸೊಳ್ಳೆ ಮುಲಾಮು ಅದಕ್ಕೆ ವಿಷವಾದೀತು. ಬೆನ್ನು, ಪಕ್ಕೆ, ಕಾಲ್ಬೆರಳು ಮೂರೂ ಕಾಣಲಿ. ಬೆರಳ ತುದಿಯಲ್ಲಿ ದೊಡ್ಡ ದುಂಡು ಬಿಲ್ಲೆಗಳಿದ್ದರೆ ಬಹುಮಟ್ಟಿಗೆ ಮರಗಪ್ಪೆ. ಒಣ ಚರ್ಮದ ಮೇಲೆ ಗಂಟುಗಳು, ಕಣ್ಣ ಹಿಂದೆ ಉಬ್ಬಿದ ಗ್ರಂಥಿ ಇದ್ದರೆ ನೆಲಗಪ್ಪೆ. ಕಣ್ಣ ಹಿಂದೆ ಕಿವಿದೆರೆಯೇ ಕಾಣದ, ಚೂಪು ಮೂತಿಯ ಪುಟಾಣಿ ಕಪ್ಪೆಯಾದರೆ ಮೈಕ್ರೋಹೈಲಾ ಗುಂಪಿನದಿರಬಹುದು. ಹಳದಿ ಮೈ, ಗಂಟಲ ಎರಡು ಬದಿಗೆ ನೀಲಿ ಚೀಲಗಳಿದ್ದರೆ ಅನುಮಾನವೇ ಬೇಡ: ಬೆದೆಗೆ ಬಂದ ಗಂಡು ಗೂಳಿಕಪ್ಪೆ.

4. ಮೊಟ್ಟೆ ಹುಡುಕಿ. ನೀರ ಮೇಲಿನ ಕೊಂಬೆಗೋ ತೊಟ್ಟಿಯ ಗೋಡೆಗೋ ಅಂಟಿದ ನೊರೆಮುದ್ದೆ ಮರಗಪ್ಪೆಯ ಗೂಡು. ನೀರೊಳಗೆ ಉದ್ದ ಸರದಂತಿದ್ದರೆ ನೆಲಗಪ್ಪೆಯ ಮೊಟ್ಟೆ.

5. ದಿನಾಂಕ, ಊರು, ಫೋಟೋಗಳೊಂದಿಗೆ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೋ ಐನ್ಯಾಚುರಲಿಸ್ಟ್‌ಗೋ ಹಾಕಿ, ಬಲ್ಲವರು ನೋಡುತ್ತಾರೆ. ಕೂಗನ್ನೂ ಸೇರಿಸಲು ಮರೆಯಬೇಡಿ. ಗುಂಪಿನ ಹೆಸರಷ್ಟೇ ಸಿಕ್ಕರೆ ಅಲ್ಲಿಗೇ ನಿಲ್ಲಿಸಿ. ಊಹೆಯಿಂದ ಜಾತಿಯ ಹೆಸರು ಬರೆಯಬೇಡಿ.