ವೈಫೈ ಏಕಾಏಕಿ ಸ್ತಬ್ಧವಾದಾಗ ಮಾಡತಕ್ಕದ್ದೇನು?

ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಉಬ್ರಾಣಿಯಂತಹ ಹೋಬಳಿ ಕೇಂದ್ರಗಳ ಗ್ರಂಥಾಲಯದಲ್ಲಿ ನೆರೆದ ಮಕ್ಕಳೆಲ್ಲ ಏಕಕಾಲಕ್ಕೆ ಮೊಬೈಲ್ ಒತ್ತಿದೊಡನೆ, ಅದುವರೆಗೆ ಅಡಿಕೆ ಧಾರಣೆಯನ್ನೂ ಪಾಠದ ವೀಡಿಯೋವನ್ನೂ ನಿರಾತಂಕವಾಗಿ ತೋರಿಸುತ್ತಿದ್ದ ವೈಫೈ ಸ್ತಬ್ಧವಾಗುವುದುಂಟು. ಇದಕ್ಕೆ ದುಬಾರಿ ಪ್ಲಾನೇ ಮದ್ದೆಂದು ನಂಬಿ ಹಣ ತೆತ್ತವರು ಅನೇಕರು.

ಸಾಮಾನ್ಯ ರೌಟರುಗಳಲ್ಲಿ ಒಂದು ಚಾನೆಲಿನ ಮೇಲೆ ಒಂದು ಕ್ಷಣಕ್ಕೆ ಒಂದೇ ಉಪಕರಣ ಮಾತಾಡಬೇಕೆಂಬುದು 1997ರ 802.11 ಎಂಬ ವೈಫೈ ಮಾನದಂಡದಿಂದಲೂ ನಡೆದುಬಂದ ನಿಯಮ. ಎರಡು ಒಮ್ಮೆಲೇ ಮಾತಾಡಿದರೆ ಸಂದೇಶಗಳು ಕೆಡುತ್ತವೆ. ಮತ್ತೆ ಕಳುಹಿಸುವ ಮುನ್ನ ಕಾಯಬೇಕಾದ ಅವಧಿಯ ಮಿತಿ ಪ್ರತಿ ಡಿಕ್ಕಿಗೂ ಸುಮಾರು ಇಮ್ಮಡಿಯಾಗುತ್ತದೆ. ಆದಕಾರಣ ದಿನದ ಸರಾಸರಿ ಬಳಕೆ ಅತ್ಯಲ್ಪವಾಗಿದ್ದರೂ, ದಟ್ಟಣೆಯ ಆ ಕೆಲವು ನಿಮಿಷಗಳಲ್ಲಿ ಕಾಲವೆಲ್ಲ ಕಾಯುವುದರಲ್ಲೇ ವ್ಯಯವಾಗುತ್ತದೆ. ಬಿಡುವಿನ ವೇಳೆಯ ಸ್ಪೀಡ್ ಟೆಸ್ಟ್ ಇದನ್ನು ತೋರಿಸಲಾರದು.

1. ದಟ್ಟಣೆಯ ಹೊತ್ತಿನಲ್ಲೇ ಕೇಬಲ್ ಜೋಡಿಸಿದ ಕಂಪ್ಯೂಟರಿನಲ್ಲಿ ಅದೇ ಪುಟವನ್ನು ತೆರೆದು ನೋಡಿ. ಅಲ್ಲಿ ಬೇಗ ತೆರೆದರೆ ದೋಷ ವೈಫೈಯದು; ಅಲ್ಲಿಯೂ ತಡವಾದರೆ ಲೈನಿನದು, ಇಲ್ಲವೆ ಆ ಜಾಲತಾಣದ್ದೇ.

2. ಕಂಪ್ಯೂಟರ್, ಪ್ರಿಂಟರ್‌ಗಳನ್ನು ಕೇಬಲಿಗೆ ವರ್ಗಾಯಿಸಿ, ವೈಫೈಯನ್ನು ಮೊಬೈಲುಗಳಿಗೇ ಬಿಡಿ.

3. ಹೊಸ ಮೊಬೈಲುಗಳಿಗೆ 5 ಗಿಗಾಹರ್ಟ್ಸ್ ಬ್ಯಾಂಡ್ ಕೊಡಿ. 2.4 ಗಿಗಾಹರ್ಟ್ಸ್‌ನಲ್ಲಿ 1, 6, 11ನೆಯ ಚಾನೆಲುಗಳ ಪೈಕಿ ಒಂದನ್ನೇ, 20 ಮೆಗಾಹರ್ಟ್ಸ್ ಅಗಲದಲ್ಲಿ ಇರಿಸಿ.

4. ದೂರದ ಕೋಣೆಗೆ ಸಿಗ್ನಲ್ ತಲುಪಿಸಲೆಂದು ರಿಪೀಟರನ್ನು ಮಾತ್ರ ತರಬೇಡಿ. ಅಗ್ಗದ ರಿಪೀಟರ್ ಒಂದೇ ಚಾನೆಲಿನಲ್ಲಿ ಕೇಳಿ, ಅದೇ ಚಾನೆಲಿನಲ್ಲಿ ಮರಳಿ ನುಡಿಯುವುದರಿಂದ ಪ್ರತಿಯೊಂದು ಸಂದೇಶವೂ ಎರಡು ಬಾರಿ ಜಾಗ ಹಿಡಿಯುತ್ತದೆ. ಮೊಬೈಲಿನಲ್ಲಿ ಸಿಗ್ನಲಿನ ಕಡ್ಡಿಗಳು ತುಂಬಿ ಕಾಣುವವು. ನಾಲ್ಕು ಜನರಿದ್ದಾಗ ಎಲ್ಲವೂ ಸರಿಯಾಗಿ ನಡೆಯುವುದು. ಆ ನೆಮ್ಮದಿಯೇ ಜನರನ್ನು ವಂಚಿಸುತ್ತದೆ. ನಲವತ್ತು ಜನ ಸೇರಿದ ದಿನ, ಮೊದಲೇ ಇಕ್ಕಟ್ಟಾಗಿದ್ದ ಚಾನೆಲಿನ ಮೇಲೆ ಇಮ್ಮಡಿ ಹೊರೆ ಬಿದ್ದು, ರಿಪೀಟರ್ ಇಲ್ಲದಿದ್ದಾಗಿನ ವೇಗವೂ ಉಳಿಯದು. ಇದರ ಬದಲು ದೂರದ ಕೋಣೆಗೆ ಲ್ಯಾನ್ ಕೇಬಲ್ ಎಳೆದು (100 ಮೀಟರ್ ಮೀರದಂತೆ), ಎರಡನೆಯ ರೌಟರನ್ನು ಆಕ್ಸೆಸ್ ಪಾಯಿಂಟ್ ಆಗಿ ಬೇರೆ ಚಾನೆಲಿನಲ್ಲಿ ಕೂರಿಸಿ.

5. ಅಪ್‌ಡೇಟ್, ಫೋಟೋ ಬ್ಯಾಕಪ್‌ಗಳನ್ನು ರಾತ್ರಿಗೆ ಮುಂದೂಡಿ. ರೌಟರಿನಲ್ಲಿ ಕ್ಯೂಒಎಸ್ (ಯಾವ ಬಳಕೆಗೆ ಆದ್ಯತೆ ಎಂದು ನಿಗದಿಪಡಿಸುವ ಸೌಲಭ್ಯ) ಇದ್ದರೆ ಚಾಲೂ ಮಾಡಿ.

ಇಷ್ಟಾದ ಮೇಲೂ ಕೇಬಲಿನಲ್ಲೇ ಬೇರೆ ಜಾಲತಾಣಗಳೂ ನಿಧಾನವಾದರೆ ಮಾತ್ರ ದೊಡ್ಡ ಪ್ಲಾನಿಗೆ ಹಣ ಕೊಡಿ.